ಹಳದಿ ಕಿವಿಯೋಲೆ: ಐದು ವರ್ಷ ಬಳಸಿದ ಮೇಲೆ ಬರೆಯುತ್ತಿರುವುದು

ನಮ್ಮದು ಹಾಸನ ಕಡೆ. ಮೂರು ಸೀಮೆಹಸು, ಒಂದು ಎಮ್ಮೆ, ಎರಡು ಕರು ಇವೆ. ಎರಡು ಹೊತ್ತೂ ಡೈರಿಗೆ ಹಾಲು ಹಾಕುವ ಮನೆ. 2020ರಲ್ಲಿ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಬಂದವರು ದನಗಳ ಕಿವಿಗೆ ಈ ಹಳದಿ ಓಲೆಯನ್ನೂ ಚುಚ್ಚಿ ಹೋದರು. ಅದರ ಮೇಲೆ 12 ಅಂಕಿಯ ನಂಬರ್ ಮತ್ತು ಬಾರ್‌ಕೋಡ್ ಇರುತ್ತದೆ. ಪಶು ಆಧಾರ್ ಅಂತಾರೆ. ನನ್ನ ಆಧಾರ್‌ನಲ್ಲೇ ಅಪ್ಪನ ಹೆಸರು ಇನ್ನೂ ತಪ್ಪಿದೆ, ಹಸುವಿಗೆ ಆಗಲೇ ಬಂತಲ್ಲ ಅಂತ ನಕ್ಕಿದ್ದೆ. ಈಗ ನಗಲ್ಲ.

ಮೊದಲು ಓಲೆಯ ವಿಷಯ. ನಮ್ಮಿಂದ ಒಂದು ಪೈಸೆ ತಗೊಳ್ಳಲಿಲ್ಲ. ಪ್ಲಾಸ್ಟಿಕ್ ಗಟ್ಟಿ ಇದೆ, ಬಿಸಿಲು ಮಳೆಗೆ ಏನೂ ಆಗಿಲ್ಲ. ಆದರೆ ಎಲ್ಲಿ ಚುಚ್ಚುತ್ತಾರೆ ಅನ್ನೋದು ಮುಖ್ಯ. ಕಿವಿಯ ನಡುಭಾಗದಲ್ಲಿ, ರಕ್ತನಾಳ ತಪ್ಪಿಸಿ ಹಾಕಬೇಕು. ನಮ್ಮ ಗೌರಿಗೆ ಅಂಚಿನಲ್ಲಿ ಹಾಕಿದ್ದರು. ಒಂದು ವರ್ಷ ಕಳೆಯುವುದರೊಳಗೆ ಬೇಲಿ ತಂತಿಗೆ ಸಿಕ್ಕಿ ಕಿವಿಯೇ ಸೀಳಿ ಹೋಯಿತು. ಮಳೆಗಾಲ ಬೇರೆ, ನೊಣ ಕೂತು ಹುಳ ಬಿತ್ತು. ಅಮ್ಮ ಹದಿನೈದು ದಿನ ಬೇವಿನೆಣ್ಣೆ ಅರಿಶಿನ ಹಚ್ಚಿದಳು, ಹಚ್ಚುವಾಗೆಲ್ಲ ನನ್ನನ್ನು ಬೈದಳು, ಓಲೆ ಹಾಕಿದ್ದು ನಾನೇ ಏನೋ ಅನ್ನೋ ಹಾಗೆ.

ಓಲೆ ಕಳೆದರೆ ಸುಮ್ನೆ ಹೊಸದು ಹಾಕಿಸಿಕೊಂಡು ಬರಬೇಡಿ. ಹಳೇ ನಂಬರ್ ಕೊಟ್ಟು, ಅದರ ಬದಲಿಗೆ ಇದು ಅಂತ ಪಶು ಆಸ್ಪತ್ರೆಯಲ್ಲಿ ಎಂಟ್ರಿ ಮಾಡಿಸಿ. ಇಲ್ಲದಿದ್ದರೆ ಹಳೇ ಲಸಿಕೆ, ಗಬ್ಬಕ್ಕೆ ಸೂಜಿ ಹಾಕಿಸಿದ ದಿನ, ಕರು ಹಾಕಿದ್ದು ಎಲ್ಲಾ ಒಂದು ಕಡೆ, ನಿಮ್ಮ ಹಸು ಇನ್ನೊಂದು ಕಡೆ. ಗೌರಿ ಕಂಪ್ಯೂಟರ್‌ನಲ್ಲಿ ಎರಡು ಹಸುವಾಗಿದ್ದಳು. ಹಾಲು ಮಾತ್ರ ಒಂದೇ ಹಸುವಿನಷ್ಟು!

ಅಸಲಿ ಉಪಯೋಗ ಎಲ್ಲಿ ಅಂದರೆ ದಾಖಲೆಯಲ್ಲಿ. ಕಾಲುಬಾಯಿ ಲಸಿಕೆ ಆರು ತಿಂಗಳಿಗೊಮ್ಮೆ. ಹಾಕಿದ ಮೇಲೆ ಒಂದೆರಡು ದಿನ ಹಾಲು ಇಳಿಯಬಹುದು ಅಂತ ನಮ್ಮೂರಲ್ಲಿ ಕೆಲವರು ದನ ಹೊಲಕ್ಕೆ ಹೊಡೆದುಕೊಂಡು ಹೋಗಿಬಿಡುತ್ತಿದ್ದರು. ಈಗ ಯಾರದ್ದು ಆಗಿದೆ, ಯಾರದ್ದು ಬಿಟ್ಟಿದೆ ಅಂತ ನಂಬರ್ ಪ್ರಕಾರ ಗೊತ್ತಾಗುತ್ತದೆ. ಹೆಣ್ಗರುಗಳಿಗೆ ಕಂದು ರೋಗದ ಲಸಿಕೆಯೂ ಇದೆ. ನಾಲ್ಕರಿಂದ ಎಂಟು ತಿಂಗಳ ವಯಸ್ಸಿನೊಳಗೆ, ಜೀವಮಾನದಲ್ಲಿ ಒಂದೇ ಸಲ. ಆ ವಯಸ್ಸು ದಾಟಿದರೆ ಮುಗೀತು. ಗಬ್ಬದ ಹಸು ಕಂದು ಹಾಕುವ, ಅಂದರೆ ದಿನ ತುಂಬುವ ಮೊದಲೇ ಗರ್ಭ ಬಿದ್ದುಹೋಗುವ ಈ ರೋಗ ಮನುಷ್ಯರಿಗೂ ಬರುತ್ತದೆ, ಆದ್ದರಿಂದ ಬಿದ್ದ ಕಂದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಇನ್ನೊಂದು, ಯಾವ ಹೋರಿಯ ವೀರ್ಯ ಹಾಕಿದ್ದು ಅನ್ನೋ ನಂಬರೂ ದಾಖಲೆಗೆ ಸೇರುತ್ತದೆ. ಗೌರಿಯ ಮಗಳು ಬೆದೆಗೆ ಬಂದಾಗ ಅದನ್ನು ನೋಡಿಯೇ ಬೇರೆ ಹೋರಿಯದ್ದು ಹಾಕಿಸಿದೆವು. ಇಲ್ಲದಿದ್ದರೆ ಅಪ್ಪನದ್ದನ್ನೇ ಮಗಳಿಗೆ ಹಾಕಿಸುವ ಪರಿಸ್ಥಿತಿ.

2022ರಲ್ಲಿ ಚರ್ಮಗಂಟು ರೋಗ ಬಂತಲ್ವಾ, ಆಗ ಸಂತೆ ಜಾತ್ರೆ ಎಲ್ಲಾ ನಿಲ್ಲಿಸಿದ್ದರು. ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಇತ್ತು. ಪಕ್ಕದ ಮನೆಯವರು ಅರ್ಜಿ ಹಾಕಲು ಹೋದಾಗ ಮೊದಲು ಕೇಳಿದ್ದೇ ಕಿವಿ ನಂಬರ್. ಅಂದ ಹಾಗೆ, ಇಂಥ ಅಂಟುರೋಗ ಬಂದರೆ ಸಾಕಿದವರೇ ತಿಳಿಸಬೇಕು ಅಂತ 2009ರ ಪ್ರಾಣಿಗಳ ಅಂಟುರೋಗ ತಡೆ ಕಾಯ್ದೆಯಲ್ಲೇ ಇದೆ. ಮುಚ್ಚಿಡೋದು ತಪ್ಪು. 1962ಕ್ಕೆ ಫೋನ್ ಮಾಡಿದರೆ ಗಾಡಿಯಲ್ಲಿ ಡಾಕ್ಟರ್ ಬರುವ ವ್ಯವಸ್ಥೆಯೂ ಇದೆ. ನಾನು ಮೂರು ಸಲ ಕರೆಸಿದ್ದೇನೆ, ಕೆಚ್ಚಲು ಬಾವಿಗೆ ಎರಡು ಸಲ, ಹೊಟ್ಟೆ ಉಬ್ಬರಕ್ಕೆ ಒಂದು ಸಲ.

ಈಗ ಕಹಿ ವಿಷಯ. ಹೋದ ವರ್ಷ ನಮ್ಮ ಕೆಂಪಿ ಸತ್ತಳು. ವಿಮೆ ಇತ್ತು. ಓಲೆ ಇಲ್ಲದಿದ್ದರೆ ಕ್ಲೇಮ್ ಇಲ್ಲ ಅನ್ನೋದು ಅವರ ಷರತ್ತು, ಆದ್ದರಿಂದ ಪೋಸ್ಟ್‌ಮಾರ್ಟಂ ಆದ ಮೇಲೆ ಓಲೆ ಸಮೇತ ಕಿವಿಯ ತುಂಡು ಕತ್ತರಿಸಿ ಕೊಡಬೇಕು. ಮನೆಯಲ್ಲಿ ಯಾರಿಗೂ ಅದನ್ನು ನೋಡಲಾಗಲಿಲ್ಲ. ಕೊಟ್ಟೂ ಆಯಿತು. ಮೂರು ವಾರ ಕಳೆದ ಮೇಲೆ ಫೋನ್ ಬಂತು, ಪಾಲಿಸಿಯಲ್ಲಿರುವ ನಂಬರೇ ಬೇರೆ ಅಂತ. ತೆಗೆದು ನೋಡಿದರೆ ಒಂಬತ್ತನೇ ಅಂಕಿ 8 ಇರುವ ಕಡೆ 3. ಓಲೆಗೆ ಸಗಣಿ ಮೆತ್ತಿತ್ತು, ಬರೆದುಕೊಂಡವರು ಒರೆಸಿ ನೋಡಿರಲಿಲ್ಲ, ನಾನೂ ಪಾಲಿಸಿ ಬಂದ ದಿನ ಬೀರುವಿನಲ್ಲಿಟ್ಟು ಮರೆತಿದ್ದೆ. ಹಳೇ ಫೋಟೋದಲ್ಲಿ ಓಲೆ ಸ್ಪಷ್ಟವಾಗಿ ಕಾಣುತ್ತಿತ್ತು ಅನ್ನೋ ಒಂದೇ ಕಾರಣಕ್ಕೆ, ನಾಲ್ಕು ತಿಂಗಳು ಅಲೆದ ಮೇಲೆ ದುಡ್ಡು ಬಂತು.

ಹಸು ಕೊಳ್ಳುವಾಗಲೂ ಅಷ್ಟೇ. ಸಂತೆಯಲ್ಲಿ ಹಲ್ಲು ನೋಡುತ್ತೇವೆ, ಕೆಚ್ಚಲು ನೋಡುತ್ತೇವೆ, ಸುಳಿ ನೋಡುತ್ತೇವೆ, ಕಿವಿ ನೋಡಲ್ಲ. ನಾನು ತಂದ ಒಂದು ಹಸು ಎರಡು ವರ್ಷ ದಾಖಲೆಯಲ್ಲಿ ಬೇರೆ ಜಿಲ್ಲೆಯವರ ಹೆಸರಲ್ಲೇ ಇತ್ತು, ನನಗೆ ಗೊತ್ತೇ ಇರಲಿಲ್ಲ. ದುಡ್ಡು ಎಣಿಸಿ ಕೊಡುವ ಮೊದಲೇ ಮಾರುವವರ ಫೋನ್ ನಂಬರ್ ತಗೊಂಡು, ಅದೇ ವಾರ ಪಶು ಆಸ್ಪತ್ರೆಯಲ್ಲಿ ಹೆಸರು ಬದಲಾಯಿಸಿಕೊಳ್ಳಿ. ಆಮೇಲೆ ಆ ಜನ ಫೋನ್ ಎತ್ತಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಓಲೆಗೆ ನಾಲ್ಕು, ನಂಬರ್ ಬರೆದುಕೊಳ್ಳುವವರ ಆತುರಕ್ಕೆ ಅರ್ಧ ಕಟ್. ಈಗ ಎಲ್ಲಾ ದನಗಳ ನಂಬರನ್ನೂ ಕೊಟ್ಟಿಗೆ ಗೋಡೆಯ ಮೇಲೆ ಪೇಂಟ್‌ನಲ್ಲಿ ಬರೆಸಿದ್ದೇನೆ, ಪಕ್ಕದಲ್ಲಿ ಅಮ್ಮ ಇಟ್ಟ ಹೆಸರು. ಚಿಕ್ಕ ಕರುವಿನ ಜಾಗ ಖಾಲಿ ಇದೆ. ಮುಂದಿನ ಲಸಿಕೆಗೆ ಬಂದಾಗ ಓಲೆ ಹಾಕುತ್ತಾರಂತೆ. ಕಿವಿಯ ನಡುಭಾಗಕ್ಕೆ ಅಂತ ಅಮ್ಮ ಈಗಲೇ ಹೇಳಿ ಕಳಿಸಿದ್ದಾಳೆ.