ಬಸುರಿಯಲ್ಲಿ ಸ್ಲೀಪ್ ಆಪ್ನಿಯಾ: ಮಗ್ಗುಲು, ಬಾಯಿಯ ಸಾಧನ, ಸಿಪ್ಯಾಪ್

ಆರನೇ ತಿಂಗಳು, ಜೋರು ಗೊರಕೆ, ಪರೀಕ್ಷೆಯಲ್ಲಿ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ತೊಂದರೆ) ಅಂತ ಬಂದಿದೆ, ಈ ಮೂರರಲ್ಲಿ ಯಾವುದನ್ನು ಆರಿಸಲಿ ಎಂದು ಕೇಳಿದ್ದೀರಿ. ಕೇಳಿದ್ದು ಒಳ್ಳೆಯದಾಯಿತು. ಇದು ಇರುವ ಬಸುರಿಯರಲ್ಲಿ ಬಿಪಿ, ಪ್ರಿಎಕ್ಲಾಂಪ್ಸಿಯಾ (ಬಸುರಿನಲ್ಲಿ ಬಿಪಿ ಏರಿ ಬೇರೆ ಅಂಗಗಳಿಗೂ ತೊಂದರೆ ಕೊಡುವ ಸ್ಥಿತಿ), ಸಕ್ಕರೆ ಕಾಯಿಲೆ ಜಾಸ್ತಿ ಕಾಣಿಸುತ್ತವೆ.

ಮೊದಲು ವರದಿಯಲ್ಲಿ ಎಎಚ್‌ಐ ನೋಡಿ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತಗ್ಗಿತು ಅನ್ನೋ ಲೆಕ್ಕ ಅದು. 5ರಿಂದ 15ರೊಳಗಿದ್ದರೆ ಸೌಮ್ಯ, 30 ದಾಟಿದರೆ ತೀವ್ರ.

ಖರ್ಚಿನಲ್ಲಿ ಮಗ್ಗುಲಾಗಿ ಮಲಗುವುದಕ್ಕೆ ಸಾಟಿಯಿಲ್ಲ. ಬೆನ್ನ ಹಿಂದೊಂದು ದಿಂಬು, ಮೊಣಕಾಲ ನಡುವೆ ಇನ್ನೊಂದು. ಅಂಗಾತ ಮಲಗಿದಾಗ ಮಾತ್ರ ಉಸಿರು ಕಟ್ಟುವ ಸೌಮ್ಯ ತೊಂದರೆಗೆ ಇದರಿಂದ ಶುರು ಮಾಡಬಹುದು. ತೀವ್ರವಾಗಿದ್ದರೆ ದಿಂಬು ನೆಚ್ಚಿ ಕೂರಬೇಡಿ.

ಕೆಳದವಡೆ ಮುಂದಕ್ಕೆ ಹಿಡಿಯುವ ಬಾಯಿಯ ಸಾಧನಕ್ಕೆ ಕರೆಂಟ್ ಬೇಡ, ಸದ್ದಿಲ್ಲ. ಆದರೆ ದಂತವೈದ್ಯರು ಅಳತೆ ತೆಗೆದು, ಸ್ವಲ್ಪ ಸ್ವಲ್ಪವೇ ಸರಿಹೊಂದಿಸಬೇಕು. ಅದಕ್ಕೆ ವಾರಗಳೇ ಹಿಡಿಯುತ್ತವೆ. ನಿಮ್ಮ ಹತ್ತಿರ ಅಷ್ಟು ಸಮಯ ಇಲ್ಲ, ಅಲ್ವಾ? ಹೆರಿಗೆಯ ನಂತರವೂ ತೊಂದರೆ ಉಳಿದವರಿಗೆ ಇದು ಹೆಚ್ಚು ಹೊಂದುತ್ತದೆ.

ಸಿಪ್ಯಾಪ್ ಅಂದರೆ ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಿನ ದಾರಿ ತೆರೆದಿಡುವ ಯಂತ್ರ. ಇದು ದುಬಾರಿ. ಮಾಸ್ಕ್ ಕಿರಿಕಿರಿ, ಮೊದಲೇ ಕಟ್ಟಿದ ಮೂಗು ಒಣಗುತ್ತದೆ. ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಇದ್ದರೆ ಎಷ್ಟೋ ವಾಸಿ. ಆದರೂ ಹಾಕಿದ ರಾತ್ರಿಯೇ ಕೆಲಸ ಶುರು. ಮಧ್ಯಮ, ತೀವ್ರ ತೊಂದರೆಗೆ, ಬಿಪಿಯೂ ಇದ್ದವರಿಗೆ ನಾನು ಇದನ್ನೇ ಹೇಳುವೆ. ತಿಂಗಳು ತುಂಬಿದಂತೆ ಬೇಕಾದ ಒತ್ತಡ ಬದಲಾಗಬಹುದು, ಹಾಗಾಗಿ ತಾನೇ ಹೊಂದಿಸಿಕೊಳ್ಳುವ ಆಟೋ ಮಾದರಿ ಅನುಕೂಲ. ಕೊಳ್ಳುವ ಮೊದಲು ಬಾಡಿಗೆಗೆ ಸಿಗುತ್ತದಾ ವಿಚಾರಿಸಿ. ಹೆರಿಗೆಗೆ ಹೋಗುವಾಗ ಯಂತ್ರವನ್ನೂ ಬ್ಯಾಗಿನಲ್ಲಿಡಿ, ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ.