ಪೇಂಟು, ತುಕ್ಕು, ಬರೀ ಲೋಹ: ಮೂರು ತರದ ಅಲ್ಟ್ರಾಸಾನಿಕ್ ಗೇಜು ಇಟ್ಟು ನೋಡಿದ್ದು

ಟ್ಯಾಂಕು, ಪೈಪು, ಬಾಯ್ಲರ್ ಇಂಥದ್ದಕ್ಕೆಲ್ಲ ಕೈ ತಲುಪೋದು ಹೊರಗಿನ ಒಂದೇ ಕಡೆಯಿಂದ, ವರ್ನಿಯರ್ ಹಾಕೋಕೆ ಆಗಲ್ಲ, ಅದಕ್ಕೇ ಶಬ್ದ ಕಳಿಸಿ ಗೋಡೆಯ ದಪ್ಪ ಅಳೆಯೋ ಅಲ್ಟ್ರಾಸಾನಿಕ್ ಗೇಜು ಬೇಕಾಗೋದು. ಕೊಳ್ಳೋಕೆ ಹೊರಟವರು ಮೊದಲು ಕೇಳೋದು 0.1 ಎಂಎಂ ತೋರ್ಸತ್ತಾ 0.01 ತೋರ್ಸತ್ತಾ ಅಂತ. ಮೂರು ತರದ್ದನ್ನ ಅವೇ ಪೀಸ್‌ಗಳ ಮೇಲೆ ಇಟ್ಟು ನೋಡಿದ ಮೇಲೆ ನಂಗೆ ಅನ್ಸಿದ್ದು ಅದು ಆಮೇಲಿನ ಮಾತು, ಮೊದಲು ಕೇಳಬೇಕಾಗಿರೋದು ಗೇಜು ಯಾವ ಎಕೋ (ಬಡಿದು ವಾಪಸ್ ಬರೋ ಶಬ್ದ) ಹಿಡ್ಕೊಂಡು ಟೈಮ್ ಎಣಿಸತ್ತೆ ಅಂತ.

ಒಂದನೇದು ಸಾದಾ ಗೇಜು, 5 ಮೆಗಾಹರ್ಟ್ಸ್ ಪ್ರೋಬು (ಲೋಹದ ಮೇಲೆ ಒತ್ತಿ ಹಿಡಿಯೋ ಭಾಗ), ಅದರೊಳಗೆ ಎರಡು ಕ್ರಿಸ್ಟಲ್, ಒಂದು ಶಬ್ದ ಕಳಿಸತ್ತೆ ಇನ್ನೊಂದು ಹಿಂದಿನ ಗೋಡೆಗೆ ಬಡಿದು ಬಂದ ಮೊದಲನೇ ಎಕೋ ಹಿಡಿಯತ್ತೆ, ಹೋಗಿ ಬಂದ ಟೈಮನ್ನ ವೆಲಾಸಿಟಿಯಿಂದ, ಅಂದ್ರೆ ಆ ಲೋಹದಲ್ಲಿ ಶಬ್ದ ಹೋಗೋ ಸ್ಪೀಡಿಂದ ಗುಣಿಸಿ ಅರ್ಧ ಮಾಡಿದ್ರೆ ದಪ್ಪ. ಎರಡನೇದು ಎಕೋ-ಎಕೋ, ಅಂದ್ರೆ ಹಿಂದಿನ ಗೋಡೆಯಿಂದ ಬಂದ ಎರಡು ಎಕೋಗಳ ನಡುವಿನ ಟೈಮ್ ಮಾತ್ರ ನೋಡತ್ತೆ. ಮೂರನೇದು ಈ ಎರಡೂ ಮೋಡ್ ಇರೋದು, ಜೊತೆಗೆ ಎ-ಸ್ಕ್ಯಾನ್, ಅಂದ್ರೆ ಎಕೋದ ಗ್ರಾಫು ಸ್ಕ್ರೀನ್ ಮೇಲೆ ಕಾಣತ್ತೆ.

ಕ್ಲೀನ್ ಇರೋ ಬರೀ ಸ್ಟೀಲ್ ಮೇಲೆ ಮೂರೂ ಒಂದೇ. ವೆಲಾಸಿಟಿ ಸೆಕೆಂಡಿಗೆ 5920 ಮೀಟರ್ ಇಟ್ಟು, ಜೆಲ್ ಹಚ್ಚಿ, ಗೊತ್ತಿರೋ ದಪ್ಪದ ಬ್ಲಾಕಲ್ಲಿ ಝೀರೋ ಮಾಡ್ಕೊಂಡ್ರೆ ಸಾದಾ ಗೇಜು ಆರಾಮಾಗಿ ಸಾಕು.

ಪೇಂಟ್ ಬಂದ ತಕ್ಷಣ ಕತೆ ಬೇರೆ ಆಗತ್ತೆ. ಪೇಂಟ್‌ನಲ್ಲಿ ಶಬ್ದ ಹೋಗೋ ಸ್ಪೀಡು ಸ್ಟೀಲ್‌ಗೆ ಹೋಲಿಸಿದ್ರೆ ಅರ್ಧಕ್ಕಿಂತ ಕಮ್ಮಿ, ಆದ್ರೆ ಸಾದಾ ಗೇಜಿಗೆ ಅಲ್ಲಿ ಪೇಂಟ್ ಇದೆ ಅಂತಾನೇ ಗೊತ್ತಿಲ್ಲ, ಎಲ್ಲಾ ಸ್ಟೀಲೇ ಅಂದ್ಕೊಂಡು ಲೆಕ್ಕ ಹಾಕತ್ತೆ, ಹಾಗಾಗಿ 8 ಎಂಎಂ ಪ್ಲೇಟ್ ಮೇಲೆ 0.4 ಎಂಎಂ ಪೇಂಟ್ ಇದ್ರೆ 9ರ ಹತ್ತಿರ ತೋರ್ಸತ್ತೆ. ಇದು ನಿಜವಾಗ್ಲೂ ಅಪಾಯದ ತಪ್ಪು, ಯಾಕಂದ್ರೆ ಒಂದು ಎಂಎಂ ತುಕ್ಕು ತಿಂದು ಹೋಗಿರೋ ಗೋಡೆ ಹೊಸದರ ಹಾಗೆ ರೀಡಿಂಗ್ ಕೊಡತ್ತೆ. ಎಕೋ-ಎಕೋದಲ್ಲಿ ಪೇಂಟ್ ದಾಟೋ ಟೈಮ್ ಎರಡೂ ಎಕೋದಲ್ಲಿ ಸಮ ಇರೋದ್ರಿಂದ ಕಳೆದು ಹೋಗತ್ತೆ, ಅದೇ ಜಾಗದಲ್ಲಿ 8 ಅಂತಾನೇ ಬಂತು, ಪೇಂಟ್ ಕೆರೆಯೋ ಕೆಲಸ ಇಲ್ಲ, ಆಮೇಲೆ ಮತ್ತೆ ಬಳಿಯೋದೂ ಇಲ್ಲ. ಪೇಂಟ್ ಲೋಹಕ್ಕೆ ಗಟ್ಟಿಯಾಗಿ ಅಂಟ್ಕೊಂಡಿರಬೇಕು ಅಷ್ಟೇ, ಒಳಗೆ ಗಾಳಿ ಸೇರಿ ಉಬ್ಬಿದ್ರೆ ಯಾವ ಗೇಜಿಗೂ ಶಬ್ದ ದಾಟಲ್ಲ.

ಹಾಗಂತ ಎಕೋ-ಎಕೋ ತಗೊಂಡ್ರೆ ಮುಗೀತು ಅನ್ಕೋಬೇಡಿ. ಒಳಗಡೆ ತುಕ್ಕು ಹಿಡಿದು ಗುಂಡಿ ಗುಂಡಿ ಆಗಿರೋ ಪೈಪ್ ಮೇಲೆ ಇಟ್ರೆ ಶಬ್ದ ಚದುರಿ ಹೋಗತ್ತೆ, ಮೊದಲನೇ ಎಕೋನೇ ವೀಕು, ಎರಡನೇದು ಬರೋದೇ ಇಲ್ಲ, ಡಿಸ್‌ಪ್ಲೇನಲ್ಲಿ ಬರೀ ಗೆರೆ. ಅಲ್ಲಿ ಸಾದಾ ಗೇಜಿನ ಎರಡು ಕ್ರಿಸ್ಟಲ್ ಪ್ರೋಬೇ ವಾಸಿ, ಕ್ರಿಸ್ಟಲ್‌ಗಳನ್ನ ಸ್ವಲ್ಪ ಒಳಮುಖ ವಾಲಿಸಿ ಕೂರಿಸಿರೋದ್ರಿಂದ ಗುಂಡಿಯ ಚಿಕ್ಕ ಎಕೋನೂ ಹಿಡಿಯತ್ತೆ. ಆದ್ರೂ ಎಕೋ-ಎಕೋ ಬಗ್ಗೆ ನಂಗೆ ಗೌರವ ಇದೆ, ಗೊತ್ತಾಗದಿದ್ರೆ ಅದು ಸುಮ್ನಿರತ್ತೆ, ತಪ್ಪು ನಂಬರ್ ಹೇಳೋದು ಕಮ್ಮಿ.

ಎ-ಸ್ಕ್ಯಾನ್ ಇರೋದನ್ನ ಕಲಿಯೋಕೆ ಟೈಮ್ ಬೇಕು, ಗೇನ್ (ಎಕೋನ ಎಷ್ಟು ದೊಡ್ಡದು ಮಾಡಿ ತೋರಿಸ್ಬೇಕು), ಗೇಟ್ (ಗ್ರಾಫಿನ ಯಾವ ಭಾಗದ ಎಕೋ ಎಣಿಸ್ಬೇಕು) ಎಲ್ಲಾ ಅರ್ಥ ಆಗೋವರೆಗೂ ತಲೆನೋವು. ಆದ್ರೆ 12 ಎಂಎಂ ಪ್ಲೇಟ್ ಒಂದರಲ್ಲಿ ಸಾದಾ ಗೇಜು ಇದ್ದಕ್ಕಿದ್ದ ಹಾಗೆ 6 ಅಂತು, ತುಕ್ಕು ತಿಂದಿದೆಯಾ ಇಲ್ಲಾ ಪ್ಲೇಟ್ ನಡುವೆ ಲ್ಯಾಮಿನೇಶನ್ (ಒಳಗೇ ಪದರ ಬಿಟ್ಕೊಂಡಿರೋದು) ಇದೆಯಾ ಅಂತ ನಂಬರ್ ನೋಡಿ ಹೇಳೋಕೆ ಸಾಧ್ಯನೇ ಇಲ್ಲ. ಗ್ರಾಫಲ್ಲಿ ನೋಡಿದ್ರೆ 6ರಲ್ಲಿ ಚೂಪಾದ ಎಕೋ, ಪ್ರೋಬನ್ನ ಸ್ವಲ್ಪ ಸರಿಸಿದ್ರೆ ಅದು ಸಣ್ಣದಾಗ್ತಾ 12ರ ಎಕೋ ಏಳ್ತಾ ಬರತ್ತೆ, ಎರಡೂ ಒಟ್ಟಿಗೆ ನಿಂತಿರೋ ಜಾಗನೂ ಸಿಗತ್ತೆ, ಅದು ಲ್ಯಾಮಿನೇಶನ್. ತುಕ್ಕಿನ ಎಕೋ ಹೀಗಿರಲ್ಲ, ಒಡೆದು ಹರಡಿರತ್ತೆ, ಜಾಗ ಬದಲಿಸ್ತಾ ಹೋದಂಗೆ ದಪ್ಪನೂ ಏರಿಳಿಯತ್ತೆ. ತುಕ್ಕಿನ ಸರ್ವೇನೇ ಕೆಲಸ ಆಗಿರೋವ್ರಿಗೆ ನಾನು ಹೇಳೋದು ಈ ಎ-ಸ್ಕ್ಯಾನ್ ಇರೋ ಗೇಜನ್ನೇ.

ತೆಳು ತಗಡಲ್ಲಿ ಹುಷಾರು. ಸಾದಾ ಪ್ರೋಬಿನ ಮಿತಿ ಹೆಚ್ಚುಕಮ್ಮಿ 1.2 ಎಂಎಂ, ಅದಕ್ಕಿಂತ ಕೆಳಗಿನದಕ್ಕೆ ಎರಡನೇ ಎಕೋನೇ ಮೊದಲನೇದು ಅಂದ್ಕೊಂಡು ದುಪ್ಪಟ್ಟು ತೋರಿಸೋದಿದೆ. ಇನ್ನು ಅಲ್ಯೂಮಿನಿಯಂಗೆ ವೆಲಾಸಿಟಿ 6320 ಹಾಕದೆ ಸ್ಟೀಲಿಂದೇ ಬಿಟ್ರೆ 10 ಎಂಎಂ ಇದ್ದದ್ದು 9.37 ಆಗತ್ತೆ, ಆಗ ಎರಡು ಡೆಸಿಮಲ್ ಇಟ್ಕೊಂಡು ಏನು ಮಾಡೋದು?

ಬಿಸಿ ಪೈಪಲ್ಲಿ ಮೂರಕ್ಕೂ ಒಂದೇ ಕಾಯಿಲೆ, ಸುಮಾರು 55 ಡಿಗ್ರಿ ಸೆಲ್ಸಿಯಸ್ ಏರಿದ್ರೆ ಸ್ಟೀಲ್‌ನ ವೆಲಾಸಿಟಿ ಒಂದು ಪರ್ಸೆಂಟ್ ಇಳಿಯತ್ತೆ, ಅಷ್ಟು ದಪ್ಪ ಜಾಸ್ತಿ ಕಾಣತ್ತೆ, ಪ್ರೋಬೂ ಬಿಸಿಗೆ ಅಂತ ಮಾಡಿದ್ದೇ ಬೇಕು. ಸಣ್ಣ ಪೈಪಲ್ಲಿ ಎರಡು ಕ್ರಿಸ್ಟಲ್ ಪ್ರೋಬಿನ ನಡುವಿನ ಗೆರೆ ಪೈಪಿನ ಉದ್ದಕ್ಕೆ ಅಡ್ಡವಾಗಿ ಒಂದ್ಸಲ, ಉದ್ದಕ್ಕೇ ಒಂದ್ಸಲ ಇಟ್ಟು ಕಮ್ಮಿ ಬಂದ ರೀಡಿಂಗ್ ಬರ್ಕೊಳ್ಳಿ.