ಸರ್ಟಿಫಿಕೇಟ್ ಇದೆ ಅಂದ ಮಾತ್ರಕ್ಕೆ ಪೈಪ್ ಫ್ರೇಮ್ ಕೆಲಸ ಒಪ್ಪಿಸಬೇಡಿ

ಅಡಿಕೆ ಸುಲಿಯುವ ಯಂತ್ರಕ್ಕೋ ಪಂಪ್‌ಸೆಟ್ಟಿಗೋ ಪೈಪ್ ಫ್ರೇಮ್ ಮಾಡಿಸುವವರು ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ.

ತೀರ್ಥಹಳ್ಳಿ ಕಡೆಯ ಮನೆಯೊಂದಕ್ಕೆ ಶಿವಮೊಗ್ಗದ ಒಂದು ವರ್ಕ್‌ಶಾಪ್ ಮಾಡಿಕೊಟ್ಟ ಫ್ರೇಮ್ ಅದು. ಒಂದೂವರೆ ಇಂಚಿನ ಮೀಡಿಯಂ ಪೈಪು: ಹೊರವ್ಯಾಸ 48.3 ಮಿ.ಮೀ., ದಪ್ಪ 3.2 ಮಿ.ಮೀ. ಕೊಯ್ಲಿನ ನಡುವೆ, ಅಂಗಳದಲ್ಲಿ ಹಸಿ ಅಡಿಕೆ ರಾಶಿ ಬಿದ್ದಿರುವಾಗಲೇ, ಮೋಟಾರಿನ ಕೆಳಗಿನ ಓರೆ ಪೈಪಿನ ಜಾಯಿಂಟು ಬಿಟ್ಟಿತು. ಬಣ್ಣ ಕೆರೆದರೆ ಕೆಳಗೆ ಪುಟ್ಟಿ, ಪುಟ್ಟಿಯಡಿ ಗ್ರೈಂಡರ್ ಹೊಡೆದು ನುಣ್ಣಗೆ ಮಾಡಿದ ವೆಲ್ಡಿಂಗ್. ಅದನ್ನೂ ಕೊಯ್ದು ನೋಡಿದರೆ, ಪೈಪಿನ ತುದಿಯನ್ನು ಮೀನಿನ ಬಾಯಿಯಂತೆ ಸರಿಯಾಗಿ ಕತ್ತರಿಸದೆ ಉಳಿದ ಸಂದಿಗೆ ಫ್ಲಕ್ಸ್ (ಮೇಲಿನ ಲೇಪ) ಉದುರಿಸಿದ ವೆಲ್ಡಿಂಗ್ ರಾಡಿನ ತುಂಡು ತುರುಕಿ, ಮೇಲೆ ಬೀಡ್ (ವೆಲ್ಡಿಂಗ್ ಗೆರೆ) ಎಳೆದಿದ್ದರು. ಪೈಪಿನ ಅಂಚು ಕರಗಿಯೇ ಇರಲಿಲ್ಲ, ಕತ್ತರಿಸಿದ ಗೆರೆ ಹಾಗೇ ಹೊಳೆಯುತ್ತಿತ್ತು. ದಿನವಿಡೀ ನಡುಗುವ ಯಂತ್ರದಡಿ ಬಿರುಕು ಹುಟ್ಟುವುದು ಇಂಥ ಜಾಗದಲ್ಲೇ.

ಆ ವೆಲ್ಡರ್ ಹತ್ತಿರ ಸರ್ಟಿಫಿಕೇಟ್ ಇತ್ತು, ನಕಲಿಯೂ ಅಲ್ಲ. ಆದರೆ ಅದು 3ಜಿ, ಅಂದರೆ ಪ್ಲೇಟನ್ನು ನೆಟ್ಟಗೆ ನಿಲ್ಲಿಸಿ ಮಾಡಿದ ಬಟ್ ವೆಲ್ಡಿಂಗ್ (ಅಂಚಿಗೆ ಅಂಚು ಕೂಡಿಸುವ) ಪರೀಕ್ಷೆ. ವೆಲ್ಡರ್ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 9606-1 ಪ್ರಕಾರ ಪ್ಲೇಟಿನ ಪರೀಕ್ಷೆ, ತಿರುಗಿಸಲಾಗದ ಪೈಪಿನಲ್ಲಿ 500 ಮಿ.ಮೀ. ವ್ಯಾಸದಿಂದ ಮೇಲಿನದಕ್ಕೆ ಮಾತ್ರ ಅನ್ವಯಿಸುತ್ತದೆ. ಪೈಪಿನಲ್ಲೇ ಪಾಸಾಗಿದ್ದರೂ ವ್ಯಾಸ ನೋಡಿ: 114.3 ಮಿ.ಮೀ. ಪೈಪಿನಲ್ಲಿ ಪಾಸಾದರೆ ಅದರ ಅರ್ಧ, ಸುಮಾರು 57 ಮಿ.ಮೀ.ಗಿಂತ ಸಣ್ಣದಕ್ಕೆ ಅರ್ಹತೆ ಇಲ್ಲ. 48.3ರಲ್ಲೇ ಪಾಸಾದವರಿಗೆ 25 ಮಿ.ಮೀ. ಮತ್ತು ಮೇಲಿನದೆಲ್ಲ ಸಿಗುತ್ತದೆ. ಬಟ್ ಪರೀಕ್ಷೆಯೊಂದೇ ಫಿಲೆಟ್‌ಗೆ, ಅಂದರೆ ಎರಡು ಭಾಗ ಸೇರುವ ಮೂಲೆಗೆ ಹಾಕುವ ವೆಲ್ಡಿಂಗಿಗೆ, ಸಾಲದು. 6013 ರಾಡಿನಲ್ಲಿ ಪರೀಕ್ಷೆ ಕೊಟ್ಟವರಿಗೆ, ಬೇರೆ ಬಗೆಯ ಲೇಪವಿರುವ 7018 ರಾಡಿಗೆ ಅರ್ಹತೆ ಬರುವುದಿಲ್ಲ. ಆರು ತಿಂಗಳಿಗೊಮ್ಮೆ, ಆ ವೆಲ್ಡರ್ ಅದೇ ಬಗೆಯ ಕೆಲಸ ಮಾಡುತ್ತಿದ್ದಾರೆ ಎಂದು ಸಹಿ ಬಿದ್ದಿರಬೇಕು. ಐಟಿಐ ಸರ್ಟಿಫಿಕೇಟ್ ಕಸುಬು ಕಲಿತದ್ದಕ್ಕೆ ಪುರಾವೆ. ಅದು ಈ ಪರೀಕ್ಷೆಗೆ ಬದಲಿಯಲ್ಲ. ನಮ್ಮ ದೇಶದ ಐಎಸ್ 7310 ಭಾಗ 1 ಕೂಡ ಇಂಥ ಪರೀಕ್ಷೆಗೇ ಇರುವ ಮಾನದಂಡ.

ಇಷ್ಟು ಬಿಗಿ ಯಾಕೆ ಅಂದರೆ, ಸಣ್ಣ ಪೈಪಿನ ಸುತ್ತ ಒಂದು ಸುತ್ತು ಬರುವಷ್ಟರಲ್ಲಿ ಕೈಯ ಭಂಗಿ, ರಾಡಿನ ಕೋನ ಎಲ್ಲ ಬದಲಾಗುತ್ತವೆ. ಪ್ಲೇಟಿನ ಮೇಲೆ ಒಂದೇ ಗೆರೆ ಎಳೆದು ರೂಢಿಯಾದ ಕೈ ಇಲ್ಲಿ ತಡವರಿಸುತ್ತದೆ. ಕರೆಂಟ್ ಜಾಸ್ತಿಯಾದರೆ 3.2 ಮಿ.ಮೀ. ಗೋಡೆ ತೂತು ಬೀಳುತ್ತದೆ, ಆ ಹೆದರಿಕೆಗೆ ಕಡಿಮೆ ಇಟ್ಟರೆ ಬೇರು (ಜಾಯಿಂಟಿನ ಒಳತುದಿ) ಕೂಡುವುದಿಲ್ಲ.

ಹಾಗಾಗಿ ಕಾಗದ ನೋಡಿದ ಮೇಲೂ ಮಾದರಿ ಕೇಳಿ. ನಿಮ್ಮ ಕೆಲಸದ ಪೈಪಿನ ಎರಡು ತುಂಡನ್ನು ಟಿ ಆಕಾರಕ್ಕೆ ಕೂಡಿಸಿ, 45 ಡಿಗ್ರಿ ವಾಲಿಸಿ ಗಟ್ಟಿಯಾಗಿ ಕಟ್ಟಿಸಿ. ತಿರುಗಿಸದೆ ಸುತ್ತಲೂ ವೆಲ್ಡ್ ಮಾಡಲಿ. ಆಮೇಲೆ ಅಡ್ಡಲಾಗಿ ಕೊಯ್ದು ಉಜ್ಜಿ ನೋಡಿದರೆ ಬೇರಿನವರೆಗೆ ಕೂಡಿದೆಯೋ ಇಲ್ಲವೋ ತಿಳಿಯುತ್ತದೆ. ಟ್ಯಾಕ್ (ಪೂರ್ತಿ ವೆಲ್ಡಿಗೆ ಮೊದಲು ತುಂಡುಗಳನ್ನು ಹಿಡಿದು ನಿಲ್ಲಿಸುವ ಚಿಕ್ಕ ವೆಲ್ಡ್) ಹಾಕುವವರಿಗೂ ಅರ್ಹತೆ ಇರಬೇಕು. ಹೆಲ್ಪರ್ ಹಾಕಿದ ಕೆಟ್ಟ ಟ್ಯಾಕ್ ಬೀಡಿನೊಳಗೇ ಉಳಿದುಬಿಡುತ್ತದೆ.

ಫಿಲೆಟ್ ಜಾಯಿಂಟಿನ ಸಂದಿ 1.6 ಮಿ.ಮೀ. ದಾಟಿದರೆ ಅದಕ್ಕೆ ತಕ್ಕಂತೆ ವೆಲ್ಡಿನ ಲೆಗ್ (ಮೂಲೆಯಿಂದ ವೆಲ್ಡಿನ ಅಂಚಿನವರೆಗಿನ ಅಳತೆ) ಹೆಚ್ಚಿಸಬೇಕು. ರಾಡ್ ತುಂಡು ತುರುಕುವುದಕ್ಕೆ ಯಾವ ವೆಲ್ಡಿಂಗ್ ನಿಯಮಾವಳಿಯೂ ಒಪ್ಪುವುದಿಲ್ಲ. ಜಿಐ ಪೈಪಾದರೆ ಜಾಯಿಂಟಿನ ಸುತ್ತ ಸತುವನ್ನು ಮೊದಲೇ ಉಜ್ಜಿ ತೆಗೆಸಿ, ಇಲ್ಲದಿದ್ದರೆ ಬೀಡಿನಲ್ಲಿ ಗುಳ್ಳೆ. ಮಲೆನಾಡಿನ ಮಳೆಗಾಲದಲ್ಲಿ ಬಿಚ್ಚಿಟ್ಟ 7018 ಪ್ಯಾಕೆಟ್ ತೇವ ಹೀರುತ್ತದೆ. ಪ್ಯಾಕೆಟ್ ಮೇಲೆ ಬರೆದ ಬಿಸಿಯಲ್ಲಿ ಓವನ್‌ಗೆ ಹಾಕಿದ ರಾಡೇ ಬೇಕು.

ವರ್ಕ್ ಆರ್ಡರಿನಲ್ಲೇ ಬರೆಸಿ: ಜಾಯಿಂಟಿನ ಪಕ್ಕ ವೆಲ್ಡರ್ ನಂಬರ್ ಗುರುತು, ಬಣ್ಣಕ್ಕೆ ಮೊದಲು ತಪಾಸಣೆ, ಪುಟ್ಟಿ ಇಲ್ಲ. ಬಿರುಕು ಬಿಟ್ಟ ಫ್ರೇಮ್ ಈಗಾಗಲೇ ಮನೆಯಲ್ಲಿದ್ದರೆ ಅದರ ಮೇಲೇ ಇನ್ನೊಂದು ಬೀಡ್ ಎಳೆಸಬೇಡಿ. ಹಳೆಯ ಲೋಹವನ್ನು ಪೂರ್ತಿ ಕೊರೆದು ತೆಗೆಸಿ, ಇಲ್ಲವೇ ಆ ಪೈಪನ್ನೇ ಬದಲಾಯಿಸಿ.